ದ್ವೀಪದ ಪ್ರವಾಸ ಕೆಟ್ಟರೆ ದೂರು ಧಾರವಾಡದಲ್ಲೇ

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಟ್ರಾವೆಲ್ ಏಜೆನ್ಸಿಗಳ ಮುಂದೆ ನೀಲಿ ಸಮುದ್ರದ ಬ್ಯಾನರುಗಳು ಏಳುತ್ತವೆ. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್, ಬಾಲಿ. ಕಾರವಾರಕ್ಕೋ ಗೋವಾಕ್ಕೋ ಆದರೆ ನಾವೇ ಕಾರು ಹತ್ತಿ ಹೋಗಿ ಬರುತ್ತೇವೆ. ಹೋಟೆಲು ಹಿಡಿಸದಿದ್ದರೆ ಪಕ್ಕದ್ದಕ್ಕೆ ಹೋಗುತ್ತೇವೆ. ದ್ವೀಪದಲ್ಲಿ ಆ ಸ್ವಾತಂತ್ರ್ಯ ಇಲ್ಲ. ವಿಮಾನ, ಹಡಗು, ರೆಸಾರ್ಟು ಎಲ್ಲಕ್ಕೂ ತಿಂಗಳುಗಳ ಮೊದಲೇ ದುಡ್ಡು ಕಟ್ಟಿರುತ್ತೇವೆ. ಆ ದುಡ್ಡು ಇಲ್ಲಿನ ಏಜೆಂಟರಿಂದ ಮುಂಬೈಯ ಕಂಪನಿಗೆ, ಅಲ್ಲಿಂದ ದ್ವೀಪದ ಹೋಟೆಲಿಗೆ ಕೈ ಬದಲಿಸಿರುತ್ತದೆ. ಎಡವಟ್ಟಾದ ದಿನ ಕೇಳಿಬರುವ ಉತ್ತರ ಒಂದೇ: "ನಮ್ಮ ಕೈಯಾಗ ಏನಿಲ್ರಿ, ಮ್ಯಾಲಿನ ಕಂಪನಿಯವರನ್ನ ಕೇಳ್ರಿ."

ಈ ಮಾತಿಗೆ ಬೆದರಿ ಸುಮ್ಮನಾಗುವವರೇ ಹೆಚ್ಚು. ಸುಮ್ಮನಾಗಬೇಕಿಲ್ಲ. 1986ರ ಹಳೆಯ ಗ್ರಾಹಕ ಕಾಯ್ದೆಯಲ್ಲಿ ಎದುರುಪಕ್ಷದವರು ಇರುವ ಊರಿನಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಊರಿನಲ್ಲಿ ದೂರು ಕೊಡಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇದಕ್ಕೆ ಇನ್ನೊಂದು ದಾರಿ ಸೇರಿಸಿತು. ಅದರ 34ನೇ ಕಲಮಿನ ಪ್ರಕಾರ ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಉಣಕಲ್ಲಿನ ಕುಟುಂಬಕ್ಕೆ ಅಂಡಮಾನಿನ ರೆಸಾರ್ಟಿನಲ್ಲಿ ಅನ್ಯಾಯವಾದರೆ ಅದನ್ನು ಕೇಳುವುದು ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಮಧ್ಯಸ್ಥಿಕೆಯ ಷರತ್ತೂ ಇದಕ್ಕೆ ಅಡ್ಡ ಬರುವುದಿಲ್ಲ. ಎಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಆದರೆ ಆಯೋಗದ ಮುಂದೆ ಗೆಲುವು ತರುವುದು ಬುಕಿಂಗ್ ದಿನದ ಕಾಗದ. "ಎಲ್ಲಾ ಇನ್‌ಕ್ಲೂಡ್ ಐತ್ರಿ" ಎಂಬ ಬಾಯಿಮಾತಿಗೆ ಅಲ್ಲಿ ಬೆಲೆ ಕಡಿಮೆ. ಹೋಟೆಲಿನ ಹೆಸರು, ಕೋಣೆಯ ದರ್ಜೆ, ಸಮುದ್ರಕ್ಕೆ ಎಷ್ಟು ದೂರ, ಯಾವ ಹೊತ್ತಿನ ಊಟ, ದ್ವೀಪದಿಂದ ದ್ವೀಪಕ್ಕೆ ಒಯ್ಯುವ ಹಡಗಿನ ಟಿಕೆಟ್ಟು ಸೇರಿದೆಯೇ ಎಂಬುದೆಲ್ಲ ಬರವಣಿಗೆಯಲ್ಲಿ ಇರಲಿ. "ಅಥವಾ ತತ್ಸಮಾನ ಹೋಟೆಲು" ಎಂದು ಬರೆದಿದ್ದರೆ ಯಾವುದು ಎಂದು ಹೆಸರಿಸಿ ಕೇಳಿ. ಹೊಂಡದ ಬದಿಯ ಲಾಡ್ಜಿಗೆ ಇಳಿಸಿ ಬೀಚ್ ರೆಸಾರ್ಟಿನ ದುಡ್ಡು ಹೊಡೆಯುವುದು ಈ ಮೂರು ಪದಗಳ ಆಸರೆಯಲ್ಲೇ. ನಗದು ಕೊಟ್ಟು ಬಿಲ್ಲು ಬೇಡವೆಂದರೆ ಅಷ್ಟಿಷ್ಟು ಬಿಡುತ್ತಾರೆ ನಿಜ, ಆದರೆ ಮುಂದೆ ನೀವು ಅವರ ಗ್ರಾಹಕ ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಬಿಲ್ಲು ಕೊಡದಿರುವುದೇ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ.

ಲಕ್ಷದ್ವೀಪಕ್ಕೆ ಹೊರಟವರು ಇನ್ನೊಂದು ಕಾಗದ ನೋಡಬೇಕು. 1967ರ ನಿಯಮಗಳಂತೆ ಹೊರಗಿನವರು, ಭಾರತೀಯರಾದರೂ, ಅಲ್ಲಿಗೆ ಕಾಲಿಡಲು ಪ್ರವೇಶ ಪರವಾನಗಿ ಬೇಕು. ಪರವಾನಗಿ ಮಾಡಿಸುವ ಹೊಣೆ ಯಾರದು, ಸಿಗದಿದ್ದರೆ ದುಡ್ಡು ಎಷ್ಟು ವಾಪಸು ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ. ಅಂಡಮಾನಿಗೆ ಅಂಥ ಪರವಾನಗಿ ಬೇಡ. ಆದರೆ ಜಾರವಾ ಬುಡಕಟ್ಟಿನ ಜನರ ಫೋಟೊ ತೆಗೆಯುವುದು ಅಲ್ಲಿ ಜೈಲಿಗೆ ಹಾಕುವ ಅಪರಾಧ. ದಂಡೆಯಲ್ಲಿ ಬಿದ್ದ ಹವಳವನ್ನು ಮಕ್ಕಳು ಚೀಲಕ್ಕೆ ಹಾಕಿಕೊಂಡರೂ ವನ್ಯಜೀವಿ ಕಾಯ್ದೆ ಎದುರಾಗುತ್ತದೆ.

ಹೆಚ್ಚಿನ ಜಗಳಗಳು ಹುಟ್ಟುವುದು ರದ್ದತಿಯಲ್ಲಿ. 2024ರ ಜನವರಿಯಲ್ಲಿ ಮಾಲ್ಡೀವ್ಸ್ ಮಂತ್ರಿಗಳ ಮಾತಿಗೆ ಸಿಟ್ಟಾಗಿ ಅನೇಕ ಭಾರತೀಯರು ಅಲ್ಲಿನ ಪ್ರವಾಸ ರದ್ದು ಮಾಡಿದರು. ಅಭಿಮಾನ ಸರಿ, ಆದರೆ ಕಾನೂನಿನ ಕಣ್ಣಿಗೆ ಅದು ಗ್ರಾಹಕ ತಾನಾಗಿ ಹಿಂದೆ ಸರಿದದ್ದು; ಒಪ್ಪಿಕೊಂಡ ಷರತ್ತಿನ ಕಡಿತ ಅನ್ವಯಿಸುತ್ತದೆ. ಕಂಪನಿಯೇ ಪ್ರವಾಸ ಕೈಬಿಟ್ಟರೆ, ದಿನಾಂಕ ತಿರುಗಿಸಿದರೆ, ಹೇಳಿದ ಹೋಟೆಲು ಕೊಡದಿದ್ದರೆ ಲೆಕ್ಕ ಬೇರೆ. ಅದು ಸೇವಾ ನ್ಯೂನತೆ. ದುಡ್ಡಿನ ಬದಲು "ಮುಂದಿನ ವರ್ಷಕ್ಕೆ ಕ್ರೆಡಿಟ್ ನೋಟ್" ಹಿಡಿಸಿದರೆ ಒಪ್ಪಲೇಬೇಕೆಂದಿಲ್ಲ. ಆನ್‌ಲೈನ್ ಬುಕಿಂಗಿನಲ್ಲಿ 2020ರ ಇ-ಕಾಮರ್ಸ್ ನಿಯಮಗಳ ಒಂದು ಸಾಲು ಬಹಳ ಜನಕ್ಕೆ ಗೊತ್ತೇ ಇಲ್ಲ: ಕಂಪನಿ ತಾನು ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದೇ ಶುಲ್ಕ ಭರಿಸದಿದ್ದರೆ, ಗ್ರಾಹಕನಿಂದಲೂ ರದ್ದತಿ ಶುಲ್ಕ ವಸೂಲಿ ಮಾಡುವಂತಿಲ್ಲ. ನೀವು ಕೇಳದ ವಿಮೆಗೆ ಮೊದಲೇ ಟಿಕ್ ಹಾಕಿಟ್ಟು ದುಡ್ಡು ಕತ್ತರಿಸುವುದೂ ಅದೇ ನಿಯಮಗಳಿಗೆ ವಿರುದ್ಧ. "ಇನ್ನೊಂದೇ ಕೋಣೆ ಉಳಿದಿದೆ" ಎಂದು ಸುಳ್ಳೇ ಅವಸರ ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳಲ್ಲಿ, ಸೇರಿಸಿದೆ. ಸ್ಕ್ರೀನ್‌ಶಾಟ್ ಹಿಡಿದಿಟ್ಟುಕೊಳ್ಳಿ, ಸಾಕ್ಷ್ಯಕ್ಕಾಗುತ್ತದೆ.

ವಿಮಾನದ ಮಾತು ಚುಟುಕಾಗಿ. ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾದ ಪೋರ್ಟ್ ಬ್ಲೇರ್‌ಗೆ ಹೋಗುವವರು ಎರಡೂ ಹಾರಾಟವನ್ನು ಒಂದೇ ಸಂಸ್ಥೆಯಲ್ಲಿ, ಒಂದೇ ಟಿಕೆಟ್ಟಿನಲ್ಲಿ ಮಾಡಿಸಬೇಕು. ಬೇರೆ ಬೇರೆ ಟಿಕೆಟ್ಟಾದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಹೊರುವವರು ಸಿಗುವುದಿಲ್ಲ. ವಿಮಾನವೇ ರದ್ದಾದರೆ ಬದಲಿ ಪ್ರಯಾಣ ಅಥವಾ ಹಣ ವಾಪಸು, ಆಯ್ಕೆ ನಿಮ್ಮದು. ಏಜೆಂಟರ ಮೂಲಕ ಟಿಕೆಟ್ಟು ತೆಗೆಸಿದ್ದರೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಸಂಸ್ಥೆಯದೇ ಎನ್ನುತ್ತವೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು.

ಹಣಕ್ಕಿಂತ ದೊಡ್ಡ ಪ್ರಶ್ನೆ ಜೀವದ್ದು. 2006ರಲ್ಲಿ ಕುಟುಂಬದೊಂದಿಗೆ ಕೋವಲಂಗೆ ಹೋಗಿದ್ದ ಒಬ್ಬರು ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲಿನ ಈಜುಕೊಳದಲ್ಲಿ ತೀರಿಹೋದರು. ಕೊಳದ ಜೀವರಕ್ಷಕನಿಗೆ ಬಾರಿನ ಕೆಲಸವನ್ನೂ ಹಚ್ಚಲಾಗಿತ್ತು! ಪತ್ನಿ ದೂರು ಕೊಟ್ಟರು. ರಾಷ್ಟ್ರೀಯ ಆಯೋಗ ಬಡ್ಡಿಸಹಿತ 62.50 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2024ರ ನವೆಂಬರಿನಲ್ಲಿ ಮಂಗಳೂರು ಹತ್ತಿರ ಸೋಮೇಶ್ವರದ ಬೀಚ್ ರೆಸಾರ್ಟೊಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತಾಗ ರೆಸಾರ್ಟಿನ ಮೇಲೆ ಕ್ರಿಮಿನಲ್ ಮೊಕದ್ದಮೆಯೇ ದಾಖಲಾಯಿತು. "ಅತಿಥಿಗಳ ಸ್ವಂತ ಜವಾಬ್ದಾರಿ" ಎಂಬ ಫಲಕ ನೇತುಹಾಕಿದ ಮಾತ್ರಕ್ಕೆ ಹೋಟೆಲಿನವರು ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳಲಾರರು. ಕೊಳಕ್ಕೆ ಮಕ್ಕಳನ್ನು ಇಳಿಸುವ ಮೊದಲು ಜೀವರಕ್ಷಕ ಎಲ್ಲಿ ಎಂದು ಕೇಳುವುದು ನಿಮ್ಮ ಹಕ್ಕು. ತೋರಿಸಲು ಆಗದಿದ್ದರೆ ಇಳಿಸಬೇಡಿ.

ಇನ್ನು "ಸದಸ್ಯತ್ವ"ದ ಆಟ. ಮಾಲಿನಲ್ಲಿ ಚೀಟಿ ತುಂಬಿಸಿಕೊಳ್ಳುತ್ತಾರೆ, ನಾಲ್ಕು ದಿನಕ್ಕೆ ಬಹುಮಾನ ಬಂದಿದೆಯೆಂದು ಫೋನು ಬರುತ್ತದೆ, ಗಂಡ-ಹೆಂಡತಿ ಇಬ್ಬರೂ ಹೋಟೆಲಿನ ಸಭಾಂಗಣಕ್ಕೆ ಬರಲೇಬೇಕು. ಜೋರು ಸಂಗೀತ, ತಿಂಡಿ, ಎರಡು ತಾಸಿನ ಭಾಷಣ, ಕೊನೆಗೆ ಹತ್ತು ವರ್ಷದ ರಜೆಗೆ ಲಕ್ಷ ರೂಪಾಯಿಯ ಕಾರ್ಡ್ ಸ್ವೈಪ್. ಮುಂದೆ ಮೇ ತಿಂಗಳಲ್ಲಿ ಕೋಣೆ ಕೇಳಿದರೆ ಎಂದೂ ಖಾಲಿ ಇರುವುದಿಲ್ಲ, ವರ್ಷದ ನಿರ್ವಹಣಾ ಶುಲ್ಕ ಮಾತ್ರ ತಪ್ಪುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ರಜೆ ಮಾರುವ ವ್ಯಾಪಾರವೇ ಅಲ್ಲ, ಸಹಿ ಮಾಡಿಸಿಕೊಳ್ಳುವ ವ್ಯಾಪಾರ. ಸಹಿ ಮಾಡಿ ಮನೆಗೆ ಬಂದ ಮೇಲೆ ಮನಸ್ಸು ಬದಲಿಸಲು ಕಾನೂನೇ ಕೊಟ್ಟ ಸಾರ್ವತ್ರಿಕ ಅವಧಿ ನಮ್ಮಲ್ಲಿಲ್ಲ. ಕರಾರಿನಲ್ಲಿ ಹತ್ತು ದಿನವೋ ಹದಿನೈದು ದಿನವೋ ಎಂದಿದ್ದರೆ ಅಷ್ಟರೊಳಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ರದ್ದು ಪತ್ರ ಹೋಗಬೇಕು. ಅವಧಿ ಮೀರಿದ್ದರೂ ದಾರಿ ಮುಚ್ಚಿಲ್ಲ. ಸುಳ್ಳು ಹೇಳಿ ಪಡೆದ ಒಪ್ಪಿಗೆಯ ಕರಾರನ್ನು ಕರಾರು ಕಾಯ್ದೆಯ 19ನೇ ಕಲಮಿನಡಿ ರದ್ದುಪಡಿಸಬಹುದು. ಒಂದು ಸೂಕ್ಷ್ಮ: "ಕರಾರೇ ಅನ್ಯಾಯದ್ದು" ಎಂಬ ಆಕ್ಷೇಪ ಕೇಳುವ ಅಧಿಕಾರ ಇರುವುದು ರಾಜ್ಯ ಆಯೋಗಕ್ಕೆ. ಧಾರವಾಡದ ದೂರಿನಲ್ಲಿ ಸುಳ್ಳು ಭರವಸೆ ಮತ್ತು ಸೇವಾ ನ್ಯೂನತೆಗೆ ಒತ್ತು ಇರಲಿ.

ದೂರಿನ ಕ್ರಮ ಕಠಿಣವಲ್ಲ. ಮೊದಲು ಏಜೆಂಟರಿಗೆ ಲಿಖಿತವಾಗಿ ಕೇಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಷ್ಟೋ ಮರುಪಾವತಿಗಳು ಈ ಹಂತದಲ್ಲೇ ಬಂದುಬಿಡುತ್ತವೆ. ಆಗದಿದ್ದರೆ ಆಯೋಗಕ್ಕೆ ಹೋಗಿ, ಖುದ್ದಾಗಿ ಅಥವಾ ಇ-ಜಾಗೃತಿ ಪೋರ್ಟಲ್ ಮೂಲಕ. ಜಿಲ್ಲಾ ಆಯೋಗದ ವ್ಯಾಪ್ತಿ ನೀವು ಕಟ್ಟಿದ ಮೊತ್ತ 50 ಲಕ್ಷ ರೂಪಾಯಿ ಇರುವವರೆಗೆ, ಅಂದರೆ ಯಾವ ಕುಟುಂಬ ಪ್ರವಾಸವೂ ಇದರೊಳಗೇ ಬರುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಏಜೆಂಟರು, ಮೇಲಿನ ಕಂಪನಿ, ಹೋಟೆಲು ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರ ಮೇಲೊಬ್ಬರು ಹಾಕುವ ಆಟ ಆಯೋಗದ ಮುಂದೆಯೇ ಮುಗಿಯಲಿ. ವಾಟ್ಸ್‌ಆ್ಯಪ್ ಮಾತುಕತೆಯ ಪ್ರಿಂಟಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸುವುದು ಕ್ಷೇಮ. ನೋಟಿಸು ತಲುಪಿದ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನವಾಗಿಯೇ. ಆದೇಶ ಪಾಲಿಸದವರಿಗೆ 72ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಇದೆ.

ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಹೋದ ವರ್ಷದ ಪ್ರವಾಸದ ದುಡ್ಡು ಇನ್ನೂ ಬರಬೇಕಿದ್ದರೆ ರಸೀದಿ ತೆಗೆದು ತಾರೀಖು ನೋಡಿ, ಏಜೆಂಟರಿಗೆ ಪತ್ರ ಈ ವಾರವೇ ಹಾಕಿ.