ಮೃತ್ಯುಪತ್ರದ ತಕರಾರು: ದೂರುವ ಮೊದಲು ಕಾಗದ ನೋಡಿ

“ದೊಡ್ಡಮ್ಮನ ಕಿವಿ ಊದಿ ಬರೆಸಿಕೊಂಡಿದ್ದಾರೆ.” ಕತಗಾಲದ ನಮ್ಮ ನೆಂಟರ ಮನೆಯಲ್ಲಿ ಮೃತ್ಯುಪತ್ರ ಹೊರಬಿದ್ದಾಗ ಎಲ್ಲರ ಬಾಯಲ್ಲೂ ಇದೇ ಮಾತು. ಅಡಿಕೆ ತೋಟವೆಲ್ಲ ಒಬ್ಬ ಮಗನಿಗೆ. ಹೆಣ್ಣುಮಕ್ಕಳ ಹೆಸರೇ ಇಲ್ಲ. ಅವರ ಜೊತೆ ಕುಮಟಾದ ವಕೀಲರಲ್ಲಿಗೆ ಹೋದವಳು ನಾನು.

ವಕೀಲರು ಕೇಳಿದ್ದು ಒಂದೇ: “ಒತ್ತಡ ಹಾಕಿದ್ದನ್ನು ಕಂಡವರು ಯಾರು?” ಯಾರೂ ಇರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 61ನೇ ಕಲಮಿನಂತೆ ಮೋಸದಿಂದಲೋ ಬಲವಂತದಿಂದಲೋ ಬರೆಸಿದ ವಿಲ್ ಅಸಿಂಧು. ಆದರೆ ಹಾಗೆಂದು ದೂರುವವರೇ ಅದನ್ನು ರುಜುವಾತು ಮಾಡಬೇಕು. ನೋಡಿಕೊಂಡ ಮಗ ಕೇಳಿಕೊಂಡ ಎಂದ ಮಾತ್ರಕ್ಕೆ ಸಾಲದು; ಬರೆದವರ ಸ್ವಂತ ಇಚ್ಛೆಯೇ ಉಳಿಯದಷ್ಟು ಒತ್ತಡ ಇರಬೇಕು.

ಇನ್ನೊಂದು ದಾರಿಯನ್ನು ದೇಶಕ್ಕೆ ತೋರಿದ್ದು ನಮ್ಮ ಮೈಸೂರು ಸೀಮೆಯ ವ್ಯಾಜ್ಯ. ವೆಂಕಟಾಚಲ ಅಯ್ಯಂಗಾರ್–ತಿಮ್ಮಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿತು: ಸಂಶಯಕ್ಕೆ ಎಡೆಯಿದ್ದರೆ ಅದನ್ನು ನಿವಾರಿಸುವ ಹೊಣೆ ವಿಲ್ ಮುಂದಿಟ್ಟವರದು. ವಿಲ್ ಬರೆಸಲು ಮುಂದೆ ನಿಂತವರಿಗೇ ಲಾಭವಾಗಿದ್ದರೆ ಅದೂ ಸಂಶಯವೇ.

ಆಮೇಲೆ ನಾವು ಕಾಗದ ಹಿಡಿದು ಕೂತೆವು. ಸೊಸೈಟಿಯ ಚೀಟಿಗಳಲ್ಲೆಲ್ಲ ದೊಡ್ಡಮ್ಮನ ಸಹಿ. ವಿಲ್‌ನಲ್ಲಿ ಮಾತ್ರ ಹೆಬ್ಬೆಟ್ಟು. ಅದರ ತಾರೀಖಿನಂದು ಅವರು ಆಸ್ಪತ್ರೆಯಲ್ಲಿದ್ದುದಕ್ಕೆ ಡಿಸ್ಚಾರ್ಜ್ ಚೀಟಿ ಇತ್ತು. ಸಾಕ್ಷಿಗಳಿಬ್ಬರನ್ನೂ ಕರೆತಂದದ್ದು ಮಗನೇ. ದಾವೆ ಹೂಡಿದ ಮೇಲೆ ರಾಜಿಯಾಯಿತು, ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು.

ಇಂಥ ಪ್ರಸಂಗ ಬಂದರೆ ಮೊದಲು ಆಸ್ತಿಯ ಮೂಲ ನೋಡಿ. ಅವಿಭಕ್ತ ಕುಟುಂಬದ ತೋಟವಾದರೆ ಬರೆದವರ ಪಾಲಿಗಷ್ಟೇ ವಿಲ್ ಅನ್ವಯ. ಉಳಿದದ್ದಕ್ಕೆ ಜಗಳವೇ ಬೇಡ. ಪಹಣಿಯಲ್ಲಿ ಹೆಸರು ಬದಲಿಸಲು ಅರ್ಜಿ ಬಿದ್ದ ಕೂಡಲೇ ಕಂದಾಯ ಕಚೇರಿಯಲ್ಲಿ ತಕರಾರು ಕೊಡಿ. ಆದರೆ ವಿಲ್ ಖರೆಯೋ ಸುಳ್ಳೋ ಎಂದು ತೀರ್ಮಾನಿಸುವುದು ಸಿವಿಲ್ ಕೋರ್ಟು. ನೋಂದಣಿಯಾಗಿದೆ ಎಂದು ಕೈಚೆಲ್ಲಬೇಡಿ, ನೋಂದಾಯಿತ ವಿಲ್ಲನ್ನೂ ಪ್ರಶ್ನಿಸಬಹುದು. ಕಾಗದದಲ್ಲಿ ಸಂಶಯಕ್ಕೆ ಜಾಗವೇ ಇಲ್ಲದಿದ್ದರೆ, ಬರೀ ಸಿಟ್ಟಿನ ಬಲದ ಮೇಲೆ ದಾವೆಗೆ ಇಳಿಯಬೇಡಿ. ಅಡಿಕೆಯ ಹುಟ್ಟುವಳಿ ವಕೀಲರ ಫೀಸಿಗೇ ಸಾಲದಾದೀತು.

ವಿಲ್ ಬರೆಯುವವರಲ್ಲೂ ನನ್ನದೊಂದು ಬೇಡಿಕೆ: ಯಾರಿಗೆ ಕೊಡಲಿಲ್ಲವೋ ಅವರ ಹೆಸರು ಬರೆದು, ಕಾರಣವನ್ನು ನಿಮ್ಮದೇ ಮಾತಿನಲ್ಲಿ ಹೇಳಿ. ಆ ಎರಡು ಸಾಲು ಮಕ್ಕಳನ್ನು ಕೋರ್ಟು ಹತ್ತದಂತೆ ತಡೆಯಬಹುದು.