ಕೂದಲಿನ ಉದ್ದ ಉಳಿಸಲು ತೆಂಗಿನೆಣ್ಣೆ ಮತ್ತು ಮುರುಗಲ ತುಪ್ಪ

ಕಾರವಾರ, ಅಂಕೋಲಾ ಕಡೆಯ ಸಂಘಗಳಲ್ಲಿ ಸಭೆ ಮುಗಿದ ಮೇಲೆ ಮಹಿಳಾ ಸದಸ್ಯರು ಕೇಳುವ ಪ್ರಶ್ನೆಗಳೆಲ್ಲ ದನಕರುಗಳಿಗೇ ಸಂಬಂಧಿಸಿರುವುದಿಲ್ಲ. "ಮೊದಲು ಸೊಂಟದವರೆಗೆ ಜಡೆ ಇತ್ತು, ಈಗ ಬೆನ್ನಿನಿಂದ ಕೆಳಗೆ ಇಳಿಯುವುದೇ ಇಲ್ಲ, ಯಾವ ಎಣ್ಣೆ ಹಚ್ಚಬೇಕು?" ಎಂಬ ಮಾತು ಆಗಾಗ ಕೇಳಿಬರುತ್ತದೆ. ಪೇಟೆಯಲ್ಲಿ ದೊರೆಯುವ ಬಣ್ಣಬಣ್ಣದ ಸೀಸೆಗಳಿಗೆ ಹಣ ಸುರಿಯುವ ಮೊದಲು ನಮ್ಮ ಹಿತ್ತಲಲ್ಲಿ ಹಾಗೂ ಬೆಟ್ಟದಲ್ಲಿ ಏನಿದೆ, ಅದು ಕೂದಲಿಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲಿಗೆ ಒಂದು ಮಾತು. ಯಾವ ಎಣ್ಣೆಯೂ ಕೂದಲನ್ನು ಬೆಳೆಸುವುದಿಲ್ಲ. ಕೂದಲು ಬೆಳೆಯುವುದು ತಲೆಯ ಚರ್ಮದ ಒಳಗಿರುವ ಬುಡದಲ್ಲಿ. ಅಲ್ಲಿಗೆ ಬೇಕಾದ ಆಹಾರ ರಕ್ತದಿಂದ ಬರುತ್ತದೆ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಆದುದರಿಂದ ಅದು ಸವೆದರೆ ತಾನಾಗಿ ದುರಸ್ತಿಯಾಗುವುದಿಲ್ಲ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್, ಎಂದರೆ ವರ್ಷಕ್ಕೆ 12ರಿಂದ 15 ಸೆಂಟಿಮೀಟರ್ ಬೆಳೆಯುತ್ತದೆ. ಈ ಲೆಕ್ಕದಲ್ಲಿ ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ. ಅದು ಐದಾರು ಮಳೆಗಾಲ, ಐದಾರು ಬೇಸಿಗೆ, ನೂರಾರು ಸ್ನಾನ, ಸಾವಿರಾರು ಸಲದ ಬಾಚಣಿಗೆಯನ್ನು ಕಂಡಿರುತ್ತದೆ. ಬುಡದಲ್ಲಿ ಬೆಳೆದಷ್ಟೇ ತುದಿಯಲ್ಲಿ ಮುರಿಯುತ್ತಿದ್ದರೆ ಜಡೆ ವರ್ಷಗಟ್ಟಲೆ ಒಂದೇ ಉದ್ದದಲ್ಲಿ ನಿಂತಂತೆ ಕಾಣುತ್ತದೆ. ಎಣ್ಣೆ, ತುಪ್ಪಗಳು ನೆರವಾಗುವುದು ಈ ಮುರಿಯುವಿಕೆಯನ್ನು ತಡೆಯುವುದರಲ್ಲಿ.

ನಿಮ್ಮ ಕೂದಲು ಉದುರುತ್ತಿದೆಯೋ, ಮುರಿಯುತ್ತಿದೆಯೋ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿಯಿರಿ. ಉದ್ದವಾಗಿದ್ದು ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಅದು ಬುಡಸಹಿತ ಉದುರಿದ ಕೂದಲು. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ಗಂಟಿಲ್ಲದ ತುಂಡು ಕೂದಲುಗಳೇ ಹೆಚ್ಚಾಗಿದ್ದರೆ ಅದು ಮುರಿಯುತ್ತಿರುವುದರ ಗುರುತು. ಮುಂದಿನ ವಿವರಗಳು ಹೆಚ್ಚಾಗಿ ಈ ಎರಡನೆಯದಕ್ಕೆ ಸಂಬಂಧಿಸಿವೆ.

ಕೂದಲಿನ ಮೇಲ್ಮೈ ಹೆಂಚು ಹೊದಿಸಿದ ಮಾಡಿನ ಹಾಗೆ ಒಂದರ ಮೇಲೊಂದು ಕುಳಿತ ಸಣ್ಣ ಹೊಪ್ಪಳಿಕೆಗಳಿಂದ ಆಗಿದೆ. ನೀರು ಬಿದ್ದಾಗ ಕೂದಲು ಉಬ್ಬುತ್ತದೆ, ಹೊಪ್ಪಳಿಕೆಗಳು ಎದ್ದುನಿಲ್ಲುತ್ತವೆ. ಒಣಗಿದಾಗ ಕುಗ್ಗುತ್ತದೆ. ಹೀಗೆ ಮತ್ತೆ ಮತ್ತೆ ಉಬ್ಬಿ ಕುಗ್ಗಿದ ಕೂದಲಿನ ಹೆಂಚು ಹಾರಿಹೋಗಿ ಒಳಗಿನ ಎಳೆ ಬಿಚ್ಚಿಕೊಳ್ಳುತ್ತದೆ. ಜಡೆಯ ತುದಿ ಕವಲೊಡೆಯುವುದು ಹೀಗೆಯೇ.

ಇಲ್ಲಿ ತೆಂಗಿನೆಣ್ಣೆಗೆ ಒಂದು ವಿಶೇಷ ಗುಣವಿದೆ. ಅದರ ಕೊಬ್ಬಿನಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲವಿದ್ದು, ಅದರ ಕಣಗಳು ಸಣ್ಣವೂ ನೇರವೂ ಆಗಿರುವುದರಿಂದ ಕೂದಲಿನ ಒಳಕ್ಕೆ ಇಳಿಯಬಲ್ಲವು. ಮುಂಬಯಿಯ ಸಂಶೋಧಕರಾದ ರೆಲೆ ಮತ್ತು ಮೊಹಿಲೆ ಅವರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಹಾಗೂ ಖನಿಜ ತೈಲಗಳನ್ನು ಕೂದಲಿಗೆ ಹಚ್ಚಿ ಹೋಲಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ತೊಳೆಯುವ ಮೊದಲು ಹಚ್ಚಿದರೂ ತೊಳೆದ ನಂತರ ಹಚ್ಚಿದರೂ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ಗಣನೀಯವಾಗಿ ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಒಂದೇ. ಇವರು ತೆಂಗಿನೆಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದವರು ಎಂಬುದನ್ನೂ ಹೇಳಬೇಕು. ಆದರೂ ನಮ್ಮ ಕರಾವಳಿಯ ಅಜ್ಜಿಯರು ಸ್ನಾನಕ್ಕೆ ಮೊದಲೇ ಎಣ್ಣೆ ಹಚ್ಚಿ ಕುಳ್ಳಿರಿಸುತ್ತಿದ್ದ ಪದ್ಧತಿಗೂ ಈ ಫಲಿತಾಂಶಕ್ಕೂ ಹೊಂದಾಣಿಕೆ ಇದೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಮರುದಿನ ಮಾಡುವ ಎಣ್ಣೆ ಸ್ನಾನವನ್ನು ವರ್ಷಕ್ಕೊಮ್ಮೆ ಮಾಡುವ ಬದಲು ವಾರಕ್ಕೊಮ್ಮೆ ಮಾಡಿದರೆ ಸಾಕು, ಅರ್ಧ ಕೆಲಸ ಆದಂತೆ.

ಪೇಟೆಯ ಸುವಾಸನೆಯ ಎಣ್ಣೆ ಕೊಳ್ಳುವವರು ಚೀಟಿಯನ್ನು ಓದಬೇಕು. ಖನಿಜ ತೈಲ ಅಥವಾ ಲಿಕ್ವಿಡ್ ಪ್ಯಾರಾಫಿನ್ ಎಂದಿದ್ದರೆ ಅದು ಕೂದಲಿನ ಮೇಲೆ ಮಾತ್ರ ನಿಲ್ಲುತ್ತದೆ. ಅಪಾಯವೇನೂ ಇಲ್ಲ, ಆದರೆ ಒಳಕ್ಕೆ ಇಳಿಯುವುದಿಲ್ಲ. ಬಿಡಿಯಾಗಿ ಕೊಂಡ ತೆಂಗಿನೆಣ್ಣೆಯ ಬಗ್ಗೆ ಸಂಶಯವಿದ್ದರೆ ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ಫ್ರಿಜ್‌ನಲ್ಲಿ ಇಡಿ (ಹಿಮ ಕಟ್ಟುವ ಭಾಗದಲ್ಲಿ ಬೇಡ). ಶುದ್ಧ ತೆಂಗಿನೆಣ್ಣೆ ಪೂರ್ತಿ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಬೆರೆತಿದ್ದರೆ ಅದು ಗಟ್ಟಿಯಾಗದೆ ಬೇರೆ ಪದರವಾಗಿ ಉಳಿಯುತ್ತದೆ.

ಇನ್ನು ಮುರುಗಲ ತುಪ್ಪದ ವಿಚಾರ. ಕೊಂಕಣಿ ಮಾತನಾಡುವ ಮನೆಗಳಲ್ಲಿ ಹಣ್ಣಿಗೆ ಭಿರಂಡ ಎಂದೂ ಇದಕ್ಕೆ ಭಿರಂಡೇಲ ಎಂದೂ ಹೆಸರು. ಕೋಕಂ ಎಂದು ಹೊರಗಿನವರು ಕರೆಯುವುದೂ ಇದನ್ನೇ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾದಾಗ ಸಿಪ್ಪೆಯನ್ನು ಒಣಗಿಸಿ ಸಾರಿಗೆ, ಪಾನಕಕ್ಕೆ ಇಟ್ಟುಕೊಳ್ಳುತ್ತೇವೆ. ಬೀಜವನ್ನು ಎಷ್ಟೋ ಮನೆಗಳಲ್ಲಿ ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ಇದು ಬಹಳ ನಷ್ಟದ ಕೆಲಸ. ಅದೇ ಬೀಜದಿಂದ ಹಿಂದಿನವರು ತುಪ್ಪ ತೆಗೆದು ಅಡುಗೆಗೆ ಬಳಸುತ್ತಿದ್ದರು, ಗದ್ದೆಯ ಕೆಸರಿನಲ್ಲಿ ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ ಹಚ್ಚುತ್ತಿದ್ದರು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರು ಉಪ್ಪಾಗೆ ಬೀಜದಿಂದ ತೆಗೆಯುವ ತುಪ್ಪವೂ ಇದರ ಸೋದರನೇ.

ತೆಗೆಯುವ ಕ್ರಮ ಹೀಗಿದೆ. ಬೀಜಕ್ಕೆ ಅಂಟಿದ ತಿರುಳನ್ನು ತೊಳೆದು, ಮಳೆ ಹಿಡಿಯುವ ಮೊದಲೇ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಬೇಕು. ಬೂಸಲು ಹಿಡಿದ ಬೀಜವನ್ನು ಬಳಸಬಾರದು. ನಂತರ ಸಿಪ್ಪೆ ಒಡೆದು ಒಳಗಿನ ಬೇಳೆಯನ್ನು ಕುಟ್ಟಿ ಅಥವಾ ನುಣ್ಣಗೆ ಅರೆದು, ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕುದಿಸಬೇಕು. ಕೊಬ್ಬು ಮೇಲೆ ತೇಲುತ್ತದೆ. ರಾತ್ರಿಯಿಡೀ ಹಾಗೇ ಬಿಟ್ಟರೆ ಮರುದಿನ ಗಟ್ಟಿ ಹೆಪ್ಪಾಗಿರುತ್ತದೆ. ಅದನ್ನು ಎತ್ತಿ, ಮತ್ತೆ ಕಾಯಿಸಿ, ನೀರಿನ ಅಂಶ ಪೂರ್ತಿ ಹೋದ ಮೇಲೆ ಬಟ್ಟೆಯಲ್ಲಿ ಸೋಸಿ ಉಂಡೆ ಕಟ್ಟಿಡಬೇಕು. ನೀರು ಉಳಿದರೆ ಬೇಗ ಕೆಡುತ್ತದೆ. ಬೆಣ್ಣೆ ಕಾಯಿಸಿ ತುಪ್ಪ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಶ್ಚಿಮ ಆಫ್ರಿಕದ ಘಾನಾ, ಬುರ್ಕಿನಾ ಫಾಸೊ ದೇಶಗಳ ಹಳ್ಳಿಯ ಹೆಂಗಸರು ಶಿಯಾ ಮರದ ಬೀಜವನ್ನು ಕುಟ್ಟಿ, ನೀರಿನೊಡನೆ ಕಲಸಿ, ತೇಲಿದ ಕೊಬ್ಬನ್ನು ಎತ್ತಿ ಕಾಯಿಸಿ ತುಪ್ಪ ಮಾಡುತ್ತಾರೆ. ಆ ಶಿಯಾ ತುಪ್ಪ ಇಂದು ಜಗತ್ತಿನ ದೊಡ್ಡ ಸೌಂದರ್ಯವರ್ಧಕ ಕಂಪನಿಗಳಿಗೆ ಹೋಗುತ್ತದೆ. ನಮ್ಮ ಮುರುಗಲ ಬೀಜ ಮಾತ್ರ ಗೊಬ್ಬರದ ಗುಂಡಿಗೆ!

ಮುರುಗಲ ತುಪ್ಪ ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಾತ್ರ ಕರಗುವುದರಿಂದ ನಮ್ಮ ಬೇಸಿಗೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆ. ಅದರಲ್ಲಿ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳು ಹೆಚ್ಚು. ಇದು ತೆಂಗಿನೆಣ್ಣೆಯಂತೆ ಒಳಕ್ಕೆ ಇಳಿಯದೆ ಮೇಲೆ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಒಳಗಿನ ತೇವ ಬೇಗ ಆರದಂತೆ, ಕೂದಲಿಗೆ ಕೂದಲು ಉಜ್ಜದಂತೆ ಕಾಯುತ್ತದೆ. ಆದುದರಿಂದ ಎರಡನ್ನೂ ಅವುಗಳ ಜಾಗದಲ್ಲಿ ಬಳಸಬೇಕು. ತಲೆ ತೊಳೆಯುವ ಹಿಂದಿನ ರಾತ್ರಿ ಅಥವಾ ಒಂದೆರಡು ಗಂಟೆ ಮೊದಲು ತೆಂಗಿನೆಣ್ಣೆಯನ್ನು ಕೂದಲಿನ ಉದ್ದಕ್ಕೂ, ವಿಶೇಷವಾಗಿ ತುದಿಗೆ ಹಚ್ಚಿ. ತೊಳೆದ ಮೇಲೆ ಕೂದಲು ಮುಕ್ಕಾಲು ಒಣಗಿ ಸ್ವಲ್ಪ ತೇವವಿರುವಾಗ ತುದಿಯ ಒಂದು ಗೇಣಿಗೆ ಮಾತ್ರ ಮುರುಗಲ ತುಪ್ಪ ಸವರಿ. ಬರೀ ತುಪ್ಪ ಗಟ್ಟಿ. ಒಂದು ಪಾಲು ತುಪ್ಪಕ್ಕೆ ಮೂರು ನಾಲ್ಕು ಪಾಲು ತೆಂಗಿನೆಣ್ಣೆ ಸೇರಿಸಿ ಕರಗಿಸಿ ಡಬ್ಬಿಯಲ್ಲಿ ಇಟ್ಟುಕೊಂಡರೆ ಮುಲಾಮಿನಂತೆ ಬಳಸಬಹುದು. ಒಂದು ಸಲಕ್ಕೆ ಕಡಲೆಕಾಳಿನಷ್ಟು ಸಾಕು, ಅಂಗೈಯಲ್ಲಿ ಉಜ್ಜಿ ಕರಗಿಸಿ ಹಚ್ಚಬೇಕು. ತೆಳು ಕೂದಲಿನವರಿಗೆ ಇನ್ನೂ ಕಡಿಮೆ. ಹರಳೆಣ್ಣೆ ಬಹಳ ಅಂಟು. ಅದನ್ನು ಉದ್ದ ಕೂದಲಿಗೆ ಹಚ್ಚಿ ತೊಳೆದಾಗ ಬಿಡಿಸಲಾಗದಂತೆ ಜಡೆಗಟ್ಟಿದ ಪ್ರಸಂಗ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಬೇಕೆಂದರೆ ತೆಂಗಿನೆಣ್ಣೆಗೆ ಸ್ವಲ್ಪ ಬೆರೆಸಿ.

ಹಾಲು ಉತ್ಪಾದಕರ ಮನೆಯಲ್ಲಿ ಬೆಣ್ಣೆಯೂ ಇರುತ್ತದೆ, ಅದನ್ನೇಕೆ ಹಚ್ಚಬಾರದು ಎಂದು ನೀವು ಕೇಳಬಹುದು. ಹಚ್ಚುವವರು ಇದ್ದಾರೆ. ಇಥಿಯೋಪಿಯದ ಹೆಂಗಸರು ತಲೆಗೆ ಬೆಣ್ಣೆ ಹಚ್ಚುತ್ತಾರೆ. ನಮೀಬಿಯದ ಹಿಂಬಾ ಎಂಬ ಗೋಪಾಲಕ ಜನರು ಬೆಣ್ಣೆಯ ಕೊಬ್ಬಿಗೆ ಕೆಮ್ಮಣ್ಣು ಕಲಸಿ ಮೈಗೂ ಕೂದಲಿಗೂ ಬಳಿಯುತ್ತಾರೆ. ಅದು ಒಣಹವೆಯ ನಾಡು. ನಮ್ಮ ಕಾರವಾರದ ಸೆಕೆಯಲ್ಲಿ ಬೆಣ್ಣೆಯೊಳಗಿನ ನೀರು ಮತ್ತು ಮಜ್ಜಿಗೆಯ ಅಂಶ ಬೇಗ ಹುಳಿತು ವಾಸನೆ ಬರುತ್ತದೆ, ದಿಂಬಿಗೆ ಇರುವೆ ಬರುತ್ತದೆ. ತುಪ್ಪಕ್ಕೆ ಆ ತೊಂದರೆ ಕಡಿಮೆ, ಆದರೆ ಹಾಲಿನ ಕೊಬ್ಬಿನಲ್ಲಿ ಲಾರಿಕ್ ಆಮ್ಲ ತೀರ ಸ್ವಲ್ಪವಿರುವುದರಿಂದ ಅದೂ ಮೇಲ್ಪೊರೆಯಾಗಿಯೇ ನಿಲ್ಲುತ್ತದೆ. ಲೆಕ್ಕವನ್ನೂ ನೋಡಿ. ಶೇಕಡಾ 4 ಜಿಡ್ಡಿನ ಹಾಲಿನಲ್ಲಿ ಲೀಟರಿಗೆ ಸುಮಾರು 40 ಗ್ರಾಂ ಕೊಬ್ಬು. ಒಂದು ಕಿಲೋ ತುಪ್ಪಕ್ಕೆ 25 ಲೀಟರಿಗೂ ಹೆಚ್ಚು ಹಾಲು ಬೇಕು. ಮುರುಗಲ ತುಪ್ಪ ಮಾಡುವ ಕೆಲಸವನ್ನು ಇಷ್ಟು ಬೆಲೆಯ ತುಪ್ಪಕ್ಕೆ ಕೊಡಬೇಕಾಗಿಲ್ಲ. ತುಪ್ಪವನ್ನು ಅನ್ನಕ್ಕೆ ಹಾಕಿಕೊಳ್ಳಿ.

ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಬೆಳಗಿನ ಹಾಲನ್ನೆಲ್ಲ ಸಂಘಕ್ಕೆ ಹಾಕಿ ತಾವು ಕಪ್ಪು ಚಹಾ ಕುಡಿದು ಕೊಟ್ಟಿಗೆಗೆ ಹೋಗುವ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಬಿಳಿ ಗಂಟಿನ ಕೂದಲು ಹಿಡಿ ಹಿಡಿಯಾಗಿ ಬರುತ್ತಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ. ಹೆರಿಗೆಯಾದ ಎರಡು ಮೂರು ತಿಂಗಳ ಮೇಲೆ ಅಥವಾ ದೊಡ್ಡ ಜ್ವರದ ನಂತರ ಹೀಗಾದರೆ ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ. ಹಾಗಲ್ಲದೆ ಸುಸ್ತು, ಏದುಸಿರು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿರುವುದು ಕಂಡರೆ ರಕ್ತಹೀನತೆ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯರಲ್ಲದ ಹೆಂಗಸರಲ್ಲಿ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಥೈರಾಯ್ಡ್ ತೊಂದರೆಯಿಂದಲೂ ಕೂದಲು ಉದುರುತ್ತದೆ. ಹಾಲಿನಲ್ಲಿ ಪ್ರೋಟೀನು ಉಂಟು, ಕಬ್ಬಿಣದ ಅಂಶ ಮಾತ್ರ ಬಹಳ ಕಡಿಮೆ. ಅದಕ್ಕೆ ಹರಿವೆ, ನುಗ್ಗೆ ಸೊಪ್ಪು, ಹುರುಳಿ, ತಿನ್ನುವವರಿಗೆ ಮೀನು ಹಾಗೂ ಕಾಳಿ ನದಿಯ ಬಳಚು ಬೇಕು. ಊಟದ ಜೊತೆಗೆ ಲಿಂಬೆ ಹಿಂಡಿಕೊಳ್ಳಿ. ಊಟದ ಬೆನ್ನಿಗೇ ಚಹಾ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ.

ಕೂದಲು ಮುರಿಯಲು ನಮ್ಮ ಕೆಲಸವೇ ಕಾರಣವಾಗುವುದೂ ಉಂಟು. ದಿನವೂ ಹುಲ್ಲಿನ ಹೊರೆ, ಸೊಪ್ಪಿನ ಹೊರೆ ಹೊರುವವರ ನಡುನೆತ್ತಿಯಲ್ಲಿ ಕೂದಲು ತೆಳುವಾಗಿರುವುದನ್ನು ನೀವೇ ನೋಡಿರಬಹುದು. ಒರಟು ಸಿಂಬೆ ಭಾರದೊಂದಿಗೆ ಅತ್ತಿತ್ತ ಜಾರುವಾಗ ಕೂದಲನ್ನು ಅರೆಯುತ್ತದೆ. ಹಳೆಯ ಮೆತ್ತನೆಯ ಹತ್ತಿ ಸೀರೆಯ ಸಿಂಬೆ ಮಾಡಿ, ಅದರ ಕೆಳಗೆ ನುಣುಪಾದ ಬಟ್ಟೆಯೊಂದನ್ನು ತಲೆಗೆ ಕಟ್ಟಿಕೊಳ್ಳಿ. ತುರುಬನ್ನು ಹೊರೆಯ ಅಡಿಗೆ ಬಾರದಂತೆ ಕೆಳಗೆ ಕಟ್ಟಿ. ಮನೆಯ ಹತ್ತಿರವೇ ನಾಲ್ಕು ಗುಂಟೆ ಹಸಿರು ಮೇವು ಬೆಳೆದರೆ ಹೊರೆಯೇ ಕಡಿಮೆಯಾಗುತ್ತದೆ, ತಲೆಗೂ ಕುತ್ತಿಗೆಗೂ ಲಾಭ. ಹಣೆಯ ಬಳಿ ಕೂದಲು ಎಳೆದು ಬಿಗಿಯಾಗಿ ಕಟ್ಟುವುದರಿಂದಲೂ ಕೂದಲಿನ ಗೆರೆ ಹಿಂದೆ ಸರಿಯುತ್ತದೆ. ಹೆಣ್ಣುಮಕ್ಕಳಿಗೆ ಶಾಲೆಯ ಜಡೆ ಹಾಕುವಾಗ ಇದನ್ನು ನೆನಪಿಡಿ.

ನಮ್ಮ ಮಳೆಗಾಲದಲ್ಲಿ ಕೂದಲು ಒಣಗುವುದೇ ಕಷ್ಟ. ಒದ್ದೆ ಕೂದಲು ಒಣ ಕೂದಲಿಗಿಂತ ಹೆಚ್ಚು ಜಗ್ಗುತ್ತದೆ, ಬೇಗ ತುಂಡಾಗುತ್ತದೆ. ಒರೆಸುವಾಗ ಜೋರಾಗಿ ಉಜ್ಜದೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಮೇಲಕ್ಕೆ ಬಿಡಿಸುತ್ತ ಬನ್ನಿ. ನದೀಮುಖದ ಹಾಗೂ ಸಮುದ್ರದಂಚಿನ ಊರುಗಳ ಬಾವಿ ನೀರು ಬೇಸಿಗೆಯಲ್ಲಿ ಸವಳಾಗುತ್ತದೆ. ಇಂತಹ ನೀರಿನಲ್ಲಿ ಸಾಬೂನು ಹಚ್ಚಿದರೆ ನೊರೆ ಬಾರದೆ ಕೂದಲು ಅಂಟಂಟಾಗಿ ಸಿಕ್ಕುಗಟ್ಟುತ್ತದೆ. ಸೀಗೆಪುಡಿ ಅಥವಾ ದಾಸವಾಳ ಎಲೆಯ ಗೊಂಪು ಬಳಸಿ, ಕೊನೆಯ ಎರಡು ತಂಬಿಗೆ ನೀರಾದರೂ ಸಿಹಿನೀರಾಗಿರಲಿ.

ತಲೆಹೊಟ್ಟು, ತುರಿಕೆ ಇರುವವರು ನೆತ್ತಿಗೆ ಎಣ್ಣೆ ಹಚ್ಚಿ ದಿನಗಟ್ಟಲೆ ಬಿಡಬಾರದು. ತಲೆಹೊಟ್ಟಿಗೆ ಕಾರಣವಾಗುವ ಸೂಕ್ಷ್ಮಜೀವಿಗೆ ಕೊಬ್ಬೇ ಆಹಾರ. ಅಂಥವರು ಕೂದಲಿನ ಕೆಳಭಾಗಕ್ಕೆ ಮಾತ್ರ ಹಚ್ಚಿಕೊಳ್ಳಲಿ.

ಎಣ್ಣೆ ಹಚ್ಚುವ ಹೊತ್ತು ಹಾಲು ಕರೆದು ಮುಗಿದ ನಂತರದ್ದಾಗಿರಲಿ. ಹಾಲಿನ ಜಿಡ್ಡು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಕರ್ಪೂರ ಹಾಕಿದ, ಸುವಾಸನೆಯ ಎಣ್ಣೆಯ ಕೈಯಲ್ಲಿ ಕರೆದ ಹಾಲಿಗೆ ಆ ವಾಸನೆ ಬಂದರೆ ಆಶ್ಚರ್ಯವಿಲ್ಲ. ಕರೆಯುವಾಗ ಕೂದಲನ್ನು ಪೂರ್ತಿ ಬಟ್ಟೆಯಿಂದ ಮುಚ್ಚಿ, ಕೈಯನ್ನು ಸಾಬೂನಿನಿಂದ ತೊಳೆದು ಒರೆಸಿಕೊಂಡು ಕೂರಬೇಕು. ಬೆರಳಿಗೆ ಎಣ್ಣೆ ಸವರಿಕೊಂಡು ಕರೆಯುವ ಹಳೆಯ ಅಭ್ಯಾಸವನ್ನು ಬಿಡುವುದು ಲೇಸು.

ಬರುವ ಬೇಸಿಗೆಯಲ್ಲಿ ಮುರುಗಲು ಹಣ್ಣು ಬಿಡಿಸುವಾಗ ಬೀಜಕ್ಕೆಂದು ಒಂದು ಬುಟ್ಟಿಯನ್ನು ಪಕ್ಕದಲ್ಲಿ ಬೇರೆಯೇ ಇಟ್ಟುಕೊಳ್ಳಿ. ಮೊದಲ ಮಳೆಗೆ ಮುನ್ನ ಹತ್ತು ಹದಿನೈದು ದಿನದ ಬಿಸಿಲು ಸಿಗುವಂತೆ ನೋಡಿಕೊಳ್ಳಿ.