‘ನಾವು ಹೋದ ಮೇಲೆ ಇವನಿಗೆ ಯಾರು?’: ವಿಶೇಷಚೇತನ ಮಕ್ಕಳ ಹೆತ್ತವರು ಮಾಡಿಡಬೇಕಾದ ಕಾನೂನು ವ್ಯವಸ್ಥೆ

ಬೌದ್ಧಿಕ ವೈಕಲ್ಯವಿರುವ ಮಗನನ್ನೋ ಮಗಳನ್ನೋ ಸಾಕುತ್ತಿರುವ ತಂದೆತಾಯಿಯನ್ನು ವಯಸ್ಸಾಗುತ್ತಿದ್ದಂತೆ ಕಾಡುವ ಪ್ರಶ್ನೆ ಒಂದೇ: ‘ನಾವು ಹೋದ ಮೇಲೆ ಇವನ ಗತಿ ಏನು?’ ಹೆಚ್ಚಿನ ಮನೆಗಳು ಕಂಡುಕೊಳ್ಳುವ ಉತ್ತರವೂ ಒಂದೇ. ಮನೆ, ಜಮೀನನ್ನೆಲ್ಲ ಇನ್ನೊಬ್ಬ ಮಗನ ಹೆಸರಿಗೆ ಬರೆದು, ‘ತಮ್ಮನನ್ನು ಕೊನೆತನಕ ನೋಡಿಕೋ’ ಎಂದು ಮಾತು ತೆಗೆದುಕೊಳ್ಳುತ್ತಾರೆ. ಆ ಮಗ ನಿಜಕ್ಕೂ ಒಳ್ಳೆಯವನೇ ಇರಬಹುದು. ಆದರೆ ನಾಳೆ ಅವನು ಸಾಲದಲ್ಲಿ ಸಿಕ್ಕಿಬಿದ್ದರೆ ಆಸ್ತಿ ಸಾಲ ಕೊಟ್ಟವರ ಕೈಸೇರಬಹುದು. ಅಕಾಲದಲ್ಲಿ ತೀರಿಕೊಂಡರೆ ಅವನ ವಾರಸುದಾರರಿಗೆ ಹೋಗುತ್ತದೆ. ತಮ್ಮನ ಪಾಲಿಗೆ ಉಳಿಯುವುದು ಇತರರ ದಯೆ ಮಾತ್ರ. ಮಾತಿನ ಭರವಸೆ ಸಾಲದು; ಹೆತ್ತವರು ಬದುಕಿರುವಾಗಲೇ ಕಾನೂನು ಒಪ್ಪುವ ವ್ಯವಸ್ಥೆ ಮಾಡಿಡಬೇಕು.

ಆಸ್ತಿಯ ಹಕ್ಕು ಯಾರಿಗೂ ಕಡಿಮೆಯಿಲ್ಲ

‘ಅವನಿಗೆ ದುಡ್ಡಿನ ಲೆಕ್ಕವೇ ಗೊತ್ತಿಲ್ಲ, ಆಸ್ತಿ ಯಾಕೆ?’ ಎಂಬ ಮಾತು ಪಾಲು ಪಂಚಾಯಿತಿಗಳಲ್ಲಿ ಸಾಮಾನ್ಯ. ಕಾನೂನಿನ ನಿಲುವು ಇದಕ್ಕೆ ತದ್ವಿರುದ್ಧ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮಿನ ಪ್ರಕಾರ ರೋಗ, ದೋಷ ಅಥವಾ ಅಂಗವಿಕಲತೆಯ ಕಾರಣಕ್ಕೆ ಯಾರನ್ನೂ ವಾರಸುದಾರಿಕೆಯಿಂದ ಹೊರಗಿಡುವಂತಿಲ್ಲ. ತಂದೆ ತಮ್ಮ ಸ್ವಯಾರ್ಜಿತ ಮೂರು ಎಕರೆ ಜಮೀನಿಗೆ ವಿಲ್ ಬರೆಯದೆ ತೀರಿಕೊಂಡರು, ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳಿದ್ದಾರೆ ಎಂದುಕೊಳ್ಳಿ. ಮೂವರಿಗೂ ಸಮಪಾಲು. ಒಬ್ಬ ಮಗನಿಗೆ ಡೌನ್ ಸಿಂಡ್ರೋಮ್ ಇದ್ದರೂ ಅವನ ಒಂದು ಎಕರೆ ಅವನದೇ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 13ನೇ ಕಲಮು ಎಲ್ಲ ಧರ್ಮದವರಿಗೂ ಅನ್ವಯಿಸುವಂತೆ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ಆಸ್ತಿ ಹೊಂದಲು, ವಾರಸಾಗಿ ಪಡೆಯಲು, ತಮ್ಮ ಹಣಕಾಸು ನಿರ್ವಹಿಸಲು ಅಂಗವಿಕಲರಿಗೆ ಇತರರಷ್ಟೇ ಹಕ್ಕಿದೆ.

ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ನಡೆಯಲಾಗದವರಿಗೆ ಆ ಕಾರಣಕ್ಕಾಗಿ ಪೋಷಕರ ನೇಮಕ ಬೇಕಿಲ್ಲ. ವ್ಯವಹಾರ ತಿಳಿಯುವ ಶಕ್ತಿಯಿದ್ದರೆ ಕ್ರಯಪತ್ರಕ್ಕೂ ವಿಲ್‌ಗೂ ಅವರದೇ ಸಹಿ, ಅವರದೇ ನಿರ್ಧಾರ.

ಹದಿನೆಂಟು ತುಂಬಿದ ಮೇಲೆ ಪೋಷಕತ್ವ

ಮಗುವಿಗೆ 18 ವರ್ಷ ತುಂಬುವವರೆಗೆ ತಂದೆತಾಯಿಯೇ ಸಹಜ ಪೋಷಕರು. ಅಲ್ಲಿಂದಾಚೆಗೆ ಮಗ ಕಾನೂನಿನ ದೃಷ್ಟಿಯಲ್ಲಿ ವಯಸ್ಕ. ಅವನ ಬ್ಯಾಂಕ್ ಖಾತೆಗೆ, ಆಸ್ತಿ ಪತ್ರಕ್ಕೆ ತಾಯಿಯ ಸಹಿ ಸಲ್ಲುವುದಿಲ್ಲ. ಬಹಳಷ್ಟು ಕುಟುಂಬಗಳಿಗೆ ಇದು ತಿಳಿಯುವುದು ಬ್ಯಾಂಕಿನ ಕೌಂಟರಿನಲ್ಲಿ ನಿಂತಾಗ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಸರಳ ದಾರಿಯೊಂದನ್ನು ತೆರೆದಿದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಹಾಗೂ ಒಬ್ಬ ಅಂಗವಿಕಲ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿ ಇರಬೇಕು. ಪೋಷಕರ ನೇಮಕಕ್ಕೆ ಹೆತ್ತವರು ಅಥವಾ ಬಂಧುಗಳು ಈ ಸಮಿತಿಗೆ ಅರ್ಜಿ ಹಾಕಬಹುದು. ಕೋರ್ಟಿಗೆ ಅಲೆಯಬೇಕಿಲ್ಲ. ಅರ್ಜಿಯ ಜೊತೆ ಅಂಗವಿಕಲತೆಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್, ವಯಸ್ಸು ಮತ್ತು ವಿಳಾಸದ ದಾಖಲೆಗಳನ್ನು ಸಿದ್ಧವಿಟ್ಟುಕೊಳ್ಳಿ. ಪೋಷಕರು ನಿಜಕ್ಕೂ ಬೇಕೇ, ಯಾವ ಯಾವ ವಿಷಯಕ್ಕೆ ಬೇಕು ಎಂಬುದನ್ನು ಸಮಿತಿ ಪರಿಶೀಲಿಸಿ ತೀರ್ಮಾನಿಸುತ್ತದೆ. ಸಮಿತಿ ಕೊಡುವ ಪೋಷಕತ್ವದ ಪ್ರಮಾಣಪತ್ರವನ್ನು ಖಾತೆ ತೆರೆಯಲು, ನಡೆಸಲು ಮಾನ್ಯ ಮಾಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಿಳಿಸಿದೆ.

ಪೋಷಕರಾದವರಿಗೆ ಆಸ್ತಿ ಕೈಗೆ ಬಂದಂತಲ್ಲ, ಹೊಣೆ ಬಂದಂತೆ. ನೇಮಕವಾದ ಆರು ತಿಂಗಳೊಳಗೆ ಆಸ್ತಿ, ಸಾಲಗಳ ಪಟ್ಟಿ ಸಲ್ಲಿಸಬೇಕು. ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಪ್ರತಿವರ್ಷ ಲೆಕ್ಕ ಒಪ್ಪಿಸಬೇಕು. ಪೋಷಕರು ನಿರ್ಲಕ್ಷ್ಯ ಮಾಡಿದರೆ, ಹಿಂಸಿಸಿದರೆ ಅಥವಾ ಆಸ್ತಿ ದುರುಪಯೋಗ ಮಾಡಿದರೆ ಬಂಧುಗಳು ದೂರು ನೀಡಿ ಅವರನ್ನು ತೆಗೆಸಬಹುದು.

ಸ್ಕಿಜೋಫ್ರೀನಿಯಾದಂತಹ ಮಾನಸಿಕ ಕಾಯಿಲೆ ಇರುವವರು ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಅವರು ನಾಮನಿರ್ದೇಶಿತ ಪ್ರತಿನಿಧಿಯನ್ನು ಹೆಸರಿಸಬಹುದಾದರೂ ಆ ಪ್ರತಿನಿಧಿಯ ಪಾತ್ರ ಚಿಕಿತ್ಸೆಗೆ ಸೀಮಿತ. ಆಸ್ತಿ ನಿರ್ವಹಣೆಯ ವಿಷಯ ಬಂದಾಗ ವಕೀಲರ ನೆರವಿನಿಂದ ನ್ಯಾಯಾಲಯದ ಮೊರೆ ಹೋಗಬೇಕಾಗುತ್ತದೆ.

ವಿಲ್ ಬರೆಯುವಾಗ

ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಆದರೂ ಮುಂದೆ ತಕರಾರು ಎದ್ದಾಗ ಬಲವಾಗಿ ನಿಲ್ಲುವುದರಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದೇ ಲೇಸು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಬರೆದದ್ದನ್ನು ಜಾರಿ ಮಾಡಲು ನಂಬಿಕಸ್ಥರೊಬ್ಬರನ್ನು ವಿಲ್‌ನಲ್ಲೇ ಹೆಸರಿಸಿ. ಗಂಡ, ಹೆಂಡತಿ ಇಬ್ಬರೂ ತಮ್ಮ ತಮ್ಮ ಆಸ್ತಿಗೆ ಪ್ರತ್ಯೇಕವಾಗಿ ವಿಲ್ ಬರೆಯಿರಿ.

‘ನನ್ನ ನಂತರ ಇವನಿಗೆ ಅಣ್ಣನ ಮಗಳೇ ಪೋಷಕಿ’ ಎಂದು ವಿಲ್‌ನಲ್ಲಿ ಬರೆದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ವಿಲ್ ಮೂಲಕ ಪೋಷಕರನ್ನು ನೇಮಿಸುವ ಅಧಿಕಾರ ಅಪ್ರಾಪ್ತ ಮಕ್ಕಳ ವಿಷಯದಲ್ಲಿ ಮಾತ್ರ ಇದೆ. ವಯಸ್ಕ ಮಗನ ವಿಷಯದಲ್ಲಿ ಅದು ನಿಮ್ಮ ಇಚ್ಛೆಯ ದಾಖಲೆಯಷ್ಟೇ. ಆಕೆ ಸಮಿತಿಗೆ ಅರ್ಜಿ ಹಾಕಿ ನೇಮಕ ಪಡೆಯಲೇಬೇಕು. ಈ ಮಾತನ್ನು ಆಕೆಗೆ ಈಗಲೇ ತಿಳಿಸಿ, ಒಪ್ಪಿಗೆಯನ್ನೂ ಪಡೆದಿಡಿ.

ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನದನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ವಿಲ್ ಮೂಲಕ ಕೊಡಲಾಗದು. ಒಬ್ಬ ವಾರಸುದಾರನಿಗೇ ಕೊಡಬೇಕಾದರೆ ಉಳಿದವರ ಸಮ್ಮತಿ ಬೇಕೆಂಬುದು ಸುನ್ನಿ ಪಂಥದ ನಿಯಮ. ಹಾಗಾಗಿ ಬದುಕಿರುವಾಗಲೇ ಹಿಬಾ ಅಂದರೆ ದಾನ ಮಾಡುವ ದಾರಿಯನ್ನು ತಿಳಿದವರೊಡನೆ ಚರ್ಚಿಸಬೇಕು.

ಖಾಸಗಿ ಟ್ರಸ್ಟ್ ಎಂಬ ಆಸರೆ

ಮಗನಿಗೆ ಹಣಕಾಸು ನಿಭಾಯಿಸಲು ಆಗದಿದ್ದರೆ ಆಸ್ತಿಯನ್ನು ನೇರ ಅವನ ಹೆಸರಿಗೆ ಬಿಡುವುದಕ್ಕಿಂತ 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಅವನಿಗಾಗಿಯೇ ಖಾಸಗಿ ಟ್ರಸ್ಟ್ ರಚಿಸುವುದು ಸುರಕ್ಷಿತ. ಆಸ್ತಿ ಟ್ರಸ್ಟಿಗಳ ಹೆಸರಿನಲ್ಲಿರುತ್ತದೆ, ಅದರ ಪ್ರಯೋಜನ ಮಗನಿಗೆ ಸಲ್ಲುತ್ತದೆ. ಅಣ್ಣ ಸಾಲ ಮಾಡಿದರೆ ಅದಕ್ಕೆ ಈ ಆಸ್ತಿ ಜಪ್ತಿಯಾಗದು. ಈಗಲೇ ಟ್ರಸ್ಟ್ ರಚಿಸಬಹುದು, ಇಲ್ಲವೇ ನಿಮ್ಮ ನಂತರ ಜಾರಿಗೆ ಬರುವಂತೆ ವಿಲ್‌ನಲ್ಲೇ ಬರೆಯಬಹುದು. ಬದುಕಿರುವಾಗ ಸ್ಥಿರಾಸ್ತಿಯನ್ನು ಟ್ರಸ್ಟಿಗೆ ಒಳಪಡಿಸುವುದಾದರೆ ಪತ್ರದ ನೋಂದಣಿ ಕಡ್ಡಾಯ.

ಟ್ರಸ್ಟ್ ಪತ್ರದಲ್ಲಿ ಊಟ, ವಸತಿ, ಔಷಧ, ನೋಡಿಕೊಳ್ಳುವವರ ಸಂಬಳ ಎಂದು ಖರ್ಚಿನ ಬಾಬ್ತುಗಳನ್ನು ಸ್ಪಷ್ಟವಾಗಿ ಬರೆಸಿ. ಒಬ್ಬರ ಬದಲು ಇಬ್ಬರು ಮೂವರು ಟ್ರಸ್ಟಿಗಳಿರಲಿ. ಒಬ್ಬರು ತೀರಿಕೊಂಡರೆ ಇನ್ನೊಬ್ಬರ ನೇಮಕ ಹೇಗೆ ಎಂಬುದೂ ಇರಲಿ. ಮಗನನ್ನು ನೋಡಿಕೊಳ್ಳುವವರೇ ಹಣದ ಏಕೈಕ ಒಡೆಯರಾಗದಂತೆ ನೋಡಿಕೊಳ್ಳಿ. ಮಗನ ಕಾಲಾನಂತರ ಉಳಿದ ಆಸ್ತಿ ಯಾರಿಗೆ ಎಂಬುದನ್ನೂ ಬರೆಯಿರಿ. ಟ್ರಸ್ಟ್ ಆದಾಯದ ತೆರಿಗೆ ಪತ್ರದ ಒಕ್ಕಣೆಯನ್ನು ಅವಲಂಬಿಸಿರುವುದರಿಂದ ಸಹಿ ಹಾಕುವ ಮುನ್ನ ಲೆಕ್ಕಪರಿಶೋಧಕರಿಗೆ ತೋರಿಸಿ.

ಪಿಂಚಣಿ, ವಿಮೆ, ನಾಮಿನಿ

ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರ ಅಂಗವಿಕಲ ಮಕ್ಕಳು ದುಡಿದು ಬದುಕಲಾಗದ ಸ್ಥಿತಿಯಲ್ಲಿದ್ದರೆ, ನಿಯಮಗಳಿಗೆ ಒಳಪಟ್ಟು, ಜೀವನಪರ್ಯಂತ ಕುಟುಂಬ ಪಿಂಚಣಿಗೆ ಅರ್ಹರು. ಖಾಸಗಿ ನೌಕರರ 1995ರ ಪಿಂಚಣಿ ಯೋಜನೆಯೂ ಸಂಪೂರ್ಣ ಹಾಗೂ ಶಾಶ್ವತ ವೈಕಲ್ಯವಿರುವ ಮಗುವಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿ ಕೊಡುತ್ತದೆ. ಮಗುವಿನ ಹೆಸರನ್ನು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಕಚೇರಿಯ ದಾಖಲೆಯಲ್ಲಿ ಈಗಲೇ ಸೇರಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ.

ಬ್ಯಾಂಕ್ ಠೇವಣಿಗೋ ಷೇರಿಗೋ ನಾಮಿನಿಯಾದವರು ಅದರ ಒಡೆಯರಾಗುವುದಿಲ್ಲ. ಷೇರುಗಳ ನಾಮಿನಿ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಮತ್ತೆ ಹೇಳಿದೆ. ಆದ್ದರಿಂದ ನಾಮಿನಿ ಹೆಸರಿದೆಯೆಂದು ವಿಲ್ ಬರೆಯುವುದನ್ನು ಬಿಡಬೇಡಿ.

ಹಕ್ಕಿಗೆ ಧಕ್ಕೆ ಬಂದರೆ

ವಂಶವೃಕ್ಷದಲ್ಲಿ ಅಂಗವಿಕಲ ಮಗನ ಹೆಸರನ್ನೇ ಬಿಟ್ಟು ಪೌತಿ ಖಾತೆ ಮಾಡಿಸಲು ಯಾರಾದರೂ ಹೊರಟರೆ ಕಂದಾಯ ಅಧಿಕಾರಿಗಳಿಗೆ ಲಿಖಿತ ತಕರಾರು ಸಲ್ಲಿಸಿ. ಖಾತೆ ಬದಲಾದ ಮಾತ್ರಕ್ಕೆ ಪಾಲಿನ ಹಕ್ಕು ಹೋಗುವುದಿಲ್ಲ. ಹಿತೈಷಿಯೊಬ್ಬರು ಅವನ ಪರವಾಗಿ ಸಿವಿಲ್ ನ್ಯಾಯಾಲಯದಲ್ಲಿ ಪಾಲಿನ ದಾವೆ ಹೂಡಬಹುದು. ಅರ್ಥವೇ ಆಗದವನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೆ 1872ರ ಕರಾರು ಕಾಯ್ದೆಯಂತೆ ಆ ಪತ್ರ ಊರ್ಜಿತವಾಗದು.

ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಹೆತ್ತವರಲ್ಲಿ ಒಂದು ವಿನಂತಿ. ಮಗನಿಗೋ ಮಗಳಿಗೋ 18 ತುಂಬಿದ್ದರೆ ಪೋಷಕತ್ವದ ಅರ್ಜಿಯನ್ನು ಮೊದಲು ಹಾಕಿ, ವಿಲ್ ಬರೆಯಿರಿ, ಅಗತ್ಯವಿದ್ದರೆ ಟ್ರಸ್ಟ್ ಮಾಡಿ. ಅವರು ತಿನ್ನುವ ಮಾತ್ರೆ, ತೋರಿಸುವ ವೈದ್ಯರು, ಇಷ್ಟದ ಊಟ, ಹೆದರುವ ಸಂಗತಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಈ ಯಾವ ತೀರ್ಮಾನವನ್ನೂ ಅವರನ್ನು ಕೇಳದೆ ಮಾಡಬೇಡಿ. ಎಲ್ಲಿರಬೇಕು, ಯಾರ ಜೊತೆಗಿರಬೇಕು ಎಂಬುದನ್ನು ತಮ್ಮದೇ ರೀತಿಯಲ್ಲಿ ಹೇಳಬಲ್ಲರು. ನೀವು ಗಟ್ಟಿಯಾಗಿರುವಾಗಲೇ ಈ ಕೆಲಸ ಮುಗಿಸಿ.